ಸಿಯಾಟಲಿನಲ್ಲಿ ಹಸಿ ಸಿಂಪಿ: ಕಡಿಮೆ ದರಕ್ಕೆ ಒಳ್ಳೆಯದನ್ನು ಆರಿಸುವ ಬಗೆ

ಸಿಯಾಟಲಿನ ಒಂದೇ ರೆಸ್ಟೋರೆಂಟಿನಲ್ಲಿ, ಒಂದೇ ಕೊಲ್ಲಿಯಿಂದ ಬಂದು ಒಂದೇ ಮಂಜುಗಡ್ಡೆಯ ರಾಶಿಯ ಮೇಲೆ ಕುಳಿತ ಸಿಂಪಿಗೆ ಸಂಜೆ ನಾಲ್ಕಕ್ಕೆ ಎರಡು ಡಾಲರ್ ಇದ್ದರೆ, ಏಳಕ್ಕೆ ನಾಲ್ಕು ಡಾಲರ್ ಆಗಿರುವುದುಂಟು. ಈ ವ್ಯತ್ಯಾಸ ಹುಟ್ಟುವುದು ಗಡಿಯಾರದಿಂದ, ಸಿಂಪಿಯ ಗುಣದಿಂದ ಅಲ್ಲ. ಆದರೂ ಮೀನುಪೇಟೆ ಮುಚ್ಚುವ ಹೊತ್ತಿಗೆ ದರ ಇಳಿಯುವುದನ್ನು ನೋಡುತ್ತಾ ಬೆಳೆದ ನಮ್ಮಂಥವರಿಗೆ, ಅಗ್ಗಕ್ಕೆ ಸಿಕ್ಕಿದ್ದೆಂದರೆ ಉಳಿದದ್ದು ಎಂಬ ಅನುಮಾನ ಸುಲಭವಾಗಿ ಹೋಗುವುದಿಲ್ಲ. ಕುಮಟೆಯ ಕಡೆಯವನಾದ ನನಗೂ ಅದು ಹೋಗಲು ಎರಡು ಚಳಿಗಾಲಗಳು ಬೇಕಾದವು.

ಇಲ್ಲಿ ಸಿಂಪಿ ಎಂದರೆ ಸ್ವಾತಿ ಮಳೆಗೆ ಬಾಯ್ದೆರೆಯುವ ಮುತ್ತಿನ ಸಿಂಪಿಯಲ್ಲ. ಅಘನಾಶಿನಿಯ ಅಳಿವೆಯಲ್ಲಿ ಕಲ್ಲಿಗೆ ಕಚ್ಚಿಕೊಂಡು ಬೆಳೆಯುವ, ನಮ್ಮಲ್ಲಿ ಕಲ್ಗ ಎಂದೂ ಇಲ್ಲಿಯವರು ಆಯ್ಸ್ಟರ್ ಎಂದೂ ಕರೆಯುವ ಪ್ರಾಣಿ ಇದು. ನಾವು ಕಲ್ಗವನ್ನು ಬೇಯಿಸಿಯೇ ತಿನ್ನುತ್ತೇವೆ, ಹಾಗೆಯೇ ತಿನ್ನಬೇಕು ಕೂಡ. ಸಿಂಪಿ ತಾನಿರುವ ನೀರನ್ನು ದಿನವಿಡೀ ಸೋಸಿ ಉಣ್ಣುವ ಜೀವಿಯಾದ್ದರಿಂದ, ನೀರಿನಲ್ಲಿ ಇರುವುದೆಲ್ಲವೂ ಅದರ ಹೊಟ್ಟೆಯಲ್ಲಿ ಇರುತ್ತದೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಅದನ್ನು ಹಸಿಯಾಗಿ ಬಡಿಸಲು ಸಾಧ್ಯವಾಗಿರುವುದು ಆರೋಗ್ಯ ಇಲಾಖೆ ಪ್ರತಿಯೊಂದು ಬೆಳೆಯುವ ಪ್ರದೇಶದ ನೀರನ್ನೂ ಪರೀಕ್ಷಿಸಿ ವರ್ಗೀಕರಿಸುವುದರಿಂದ, ಮತ್ತು ನೀರು ಕೆಟ್ಟಾಗ ಆ ಪ್ರದೇಶವನ್ನೇ ಮುಚ್ಚುವುದರಿಂದ. ಆದ್ದರಿಂದ ಕೆಳಗಿನ ಮಾತುಗಳು ಈ ಊರಿಗೆ ಸಲ್ಲುತ್ತವೆ. ಅವನ್ನು ನಂಬಿ ಊರಿನ ಕಲ್ಗವನ್ನು ಯಾರೂ ಹಸಿಯಾಗಿ ತಿನ್ನಬಾರದು.

ಮೊದಲು ಹೊತ್ತಿನ ವಿಚಾರ. ಮಧ್ಯಾಹ್ನ ಮೂರರಿಂದ ಆರರ ನಡುವೆ ಅನೇಕ ಆಯ್ಸ್ಟರ್ ಬಾರ್‌ಗಳು ಹ್ಯಾಪಿ ಅವರ್ ದರದಲ್ಲಿ, ಅಂದರೆ ಗಿರಾಕಿ ಕಡಿಮೆಯಿರುವ ಹೊತ್ತಿನ ಇಳಿಸಿದ ದರದಲ್ಲಿ, ಸಿಂಪಿ ಕೊಡುತ್ತವೆ. ಕಡಲಂಚಿನ ಪಿಯರ್ 56ರಲ್ಲಿರುವ ಎಲಿಯಟ್ಸ್ ಗಂಟೆ ಕಳೆದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದರಕ್ಕೇ ಹೆಸರಾಗಿತ್ತು. ಬೇಗ ಹೋದವನಿಗೆ ಎಲ್ಲಕ್ಕಿಂತ ಕಡಿಮೆ, ತಡವಾದಂತೆ ಜಾಸ್ತಿ. ಮಾಲೀಕರ ಲೆಕ್ಕ ಸರಳವಾದದ್ದು. ಖಾಲಿ ಕುರ್ಚಿ ತುಂಬಬೇಕು, ಸಿಂಪಿಯ ಜೊತೆಗೆ ಒಂದು ಲೋಟ ವೈನ್ ಮಾರಾಟವಾಗಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸರಕು ನಿಲ್ಲದೆ ಓಡಬೇಕು. ಹಸಿ ಸಿಂಪಿ ಚಿಪ್ಪು ಬಿಚ್ಚುವವರೆಗೂ ಬದುಕಿರಬೇಕಾದ ಪದಾರ್ಥ. ಅದನ್ನು ಕೂಡಿಟ್ಟುಕೊಂಡು ಯಾರಿಗೂ ಲಾಭವಿಲ್ಲ. ಹೀಗಾಗಿ ಸಂಜೆ ಐದಕ್ಕೆ ಕಾಲಿಡಲು ಜಾಗವಿಲ್ಲದೆ ಎರಡು ಡಾಲರಿಗೆ ಸಿಂಪಿ ಬಿಕರಿಯಾಗುವ ಜಾಗದಲ್ಲಿ ಅದು ಹಳತಾಗಲು ಸಮಯವೇ ಸಿಗುವುದಿಲ್ಲ. ಎಂಟು ಪುಟದ ಮೆನುವಿನ ಮೂಲೆಯಲ್ಲಿ ಸಿಂಪಿಯನ್ನು ಸೇರಿಸಿಕೊಂಡು, ವಾರಕ್ಕೆ ಹತ್ತು ಜನರಿಗೆ ಮಾತ್ರ ಬಡಿಸುವ ದುಬಾರಿ ಸ್ಟೇಕ್ ಹೌಸೇ ನನ್ನ ಮಟ್ಟಿಗೆ ಹೆಚ್ಚು ಅನುಮಾನದ ಜಾಗ. ಬೆಲೆ ನೋಡುವ ಮೊದಲು ಸರಕಿನ ಓಟ ನೋಡಬೇಕು.

ಓಟವನ್ನು ನೋಡಲು ಮೇಜಿಗಿಂತ ಕೌಂಟರ್ ಮುಂದಿನ ಎತ್ತರದ ಕುರ್ಚಿ ಮೇಲು. ಅಲ್ಲಿಂದ ಚಿಪ್ಪು ಬಿಡಿಸುವವರ ಕೈ ಕಾಣುತ್ತದೆ. ಬೇಡಿಕೆ ಬಂದ ಮೇಲೆ ಒಂದೊಂದಾಗಿ ಬಿಚ್ಚುತ್ತಿದ್ದಾರೆಯೇ ಅಥವಾ ಮೊದಲೇ ಬಿಚ್ಚಿಟ್ಟ ತಟ್ಟೆಗಳನ್ನು ಫ್ರಿಜ್‌ನಿಂದ ತೆಗೆಯುತ್ತಿದ್ದಾರೆಯೇ, ಬಾಯಿ ತೆರೆದ ಸಿಂಪಿಯನ್ನು ತಟ್ಟಿದಾಗ ಅದು ಮುಚ್ಚದಿದ್ದರೆ ಬುಟ್ಟಿಗೆ ಎಸೆಯುತ್ತಿದ್ದಾರೆಯೇ, ಬಿಚ್ಚಿದ ಮೇಲೆ ಒಮ್ಮೆಯಾದರೂ ಮೂಸಿ ನೋಡುತ್ತಿದ್ದಾರೆಯೇ ಎಂಬುದನ್ನು ಗಮನಿಸಲು ಐದು ನಿಮಿಷ ಸಾಕು. ಈ ಕೆಲಸ ಮಾಡುವವರು ಮಾತಿಗೂ ಸಿಗುತ್ತಾರೆ. ಇವತ್ತು ನೀವೇ ತಿನ್ನುವುದಾದರೆ ಯಾವುದನ್ನು ತಿನ್ನುತ್ತೀರಿ ಎಂದು ಕೇಳಿದರೆ ಮೆನು ಹೇಳದ ಸತ್ಯ ಹೊರಬರುತ್ತದೆ.

ಕೇಳಬೇಕಾದ ಇನ್ನೊಂದು ಪ್ರಶ್ನೆ, ಇದನ್ನು ನೀರಿನಿಂದ ತೆಗೆದದ್ದು ಯಾವಾಗ ಎಂಬುದು. ಯಾವಾಗ ಅಂಗಡಿಗೆ ಬಂತು ಎಂದು ಕೇಳಬಾರದು. ಇವತ್ತೇ ಬಂತು ಎಂಬ ಉತ್ತರ ನಿಜವಾಗಿದ್ದೂ ಉಪಯೋಗಕ್ಕೆ ಬಾರದೆ ಹೋಗಬಹುದು. ಅಮೆರಿಕದಲ್ಲಿ ಮಾರಾಟವಾಗುವ ಚಿಪ್ಪುಸಹಿತ ಸಿಂಪಿಯ ಪ್ರತಿಯೊಂದು ಚೀಲಕ್ಕೂ ಒಂದು ಟ್ಯಾಗ್ ಕಟ್ಟಿರಲೇಬೇಕು. ಎಲ್ಲಿ ಬೆಳೆದದ್ದು, ಯಾವ ದಿನ ತೆಗೆದದ್ದು, ಸಾಗಿಸಿದವರ ಪ್ರಮಾಣಪತ್ರದ ಸಂಖ್ಯೆ ಯಾವುದು ಎಂಬ ವಿವರಗಳು ಅದರಲ್ಲಿರುತ್ತವೆ. ಚೀಲ ಖಾಲಿಯಾದ ಮೇಲೂ ರೆಸ್ಟೋರೆಂಟ್ ಆ ಟ್ಯಾಗನ್ನು 90 ದಿನ ಇಟ್ಟುಕೊಳ್ಳಬೇಕು. ಯಾರಿಗಾದರೂ ಕಾಯಿಲೆಯಾದರೆ ಮೂಲ ಹುಡುಕಲು ಇರುವ ದಾರಿ ಅದೇ. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಡುಗೆಮನೆಯಲ್ಲಿ ಬರಹದಲ್ಲಿಯೇ ಇರುತ್ತದೆ, ನೆನಪಿನಿಂದ ಹೇಳಬೇಕಾಗಿಲ್ಲ. ಒಳ್ಳೆಯ ಜಾಗಗಳಲ್ಲಿ ಟ್ಯಾಗ್ ತೋರಿಸಿ ಎಂದರೆ ಸಂತೋಷದಿಂದಲೇ ತೋರಿಸುತ್ತಾರೆ. ಚಿಪ್ಪು ಮುಚ್ಚಿಕೊಂಡು ತಂಪಿನಲ್ಲಿರುವ ಸಿಂಪಿ ಒಂದು ವಾರ ಚೆನ್ನಾಗಿಯೇ ಬದುಕಿರುತ್ತದೆ. ಆದರೆ ಒಳಗಿನ ಉಪ್ಪುನೀರು ದಿನೇ ದಿನೇ ಸೋರುವುದರಿಂದ, ನಾಲ್ಕೈದು ದಿನದೊಳಗಿನದಾದರೆ ನಾನು ಎರಡನೆಯ ತಟ್ಟೆಗೂ ಹೇಳುತ್ತೇನೆ. ವಾರ ದಾಟಿದ್ದರೆ ಸೂಪಿನಲ್ಲೇ ತೃಪ್ತಿಪಡುತ್ತೇನೆ.

ಮೆನುವಿನ ಹೆಸರುಗಳು ಹೊಸಬರನ್ನು ಹೆದರಿಸುತ್ತವೆ. ಹಾಮಾ ಹಾಮಾ, ಸಾಮಿಶ್ ಬೇ, ಟಾಟನ್ ಇನ್ಲೆಟ್, ಶಿಗೋಕು ಎಂದು ಹತ್ತು ಹೆಸರಿದ್ದರೂ ಅವುಗಳಲ್ಲಿ ಹೆಚ್ಚಿನವು ಒಂದೇ ಜಾತಿ: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನಿಂದ ಮರಿ ತಂದು ಇಲ್ಲಿ ಬೆಳೆಸಿದ ಪೆಸಿಫಿಕ್ ಸಿಂಪಿ. ಹೆಸರು ಬದಲಾಗುವುದು ಕೊಲ್ಲಿಯಿಂದ, ಇಲ್ಲವೇ ಬೆಳೆಸುವ ಕ್ರಮದಿಂದ. ಕಡಲತಡಿಯ ಮರಳು ಜಲ್ಲಿಯ ಮೇಲೆ ತಾನಾಗಿ ಬೆಳೆದದ್ದರ ಚಿಪ್ಪು ಒರಟಾಗಿ ಉದ್ದವಾಗಿರುತ್ತದೆ. ತೇಲುವ ಬುರುಡೆಗೆ ಕಟ್ಟಿದ ಚೀಲದಲ್ಲಿ ಭರತ ಇಳಿತಕ್ಕೆ ಉರುಳಿ ಉರುಳಿ ಬೆಳೆದ ಶಿಗೋಕುವಿನಂಥದ್ದರ ಅಂಚು ಸವೆದು, ಚಿಪ್ಪು ಬಟ್ಟಲಿನಂತೆ ಆಳವಾಗಿ, ಮಾಂಸ ಗಟ್ಟಿಯಾಗಿರುತ್ತದೆ. ಅಷ್ಟು ಆರೈಕೆಗೆ ತಕ್ಕ ಬೆಲೆಯೂ ಇರುತ್ತದೆ. ಸಣ್ಣದಾಗಿ ಸಿಹಿಯಾಗಿರುವ ಕುಮಾಮೊಟೊ ಬೇರೆಯೇ ಜಾತಿ. ಅದು ಬಲು ನಿಧಾನವಾಗಿ ಬೆಳೆಯುವುದರಿಂದ ಯಾವ ಹೊತ್ತಿನಲ್ಲೂ ಅಗ್ಗವಾಗುವುದು ಅಪರೂಪ. ಈ ನಾಡಿನ ಮೂಲನಿವಾಸಿಯಾದ ಒಲಿಂಪಿಯಾ ಹೆಬ್ಬೆರಳಿನ ಎರಡು ಗೆಣ್ಣಿನಷ್ಟೇ ಇದ್ದು, ತಾಮ್ರದ ನಾಣ್ಯ ನೆಕ್ಕಿದಂಥ ರುಚಿ ಬಿಟ್ಟುಹೋಗುತ್ತದೆ. ಒಮ್ಮೆಯಾದರೂ ತಿನ್ನಬೇಕು, ಆದರೆ ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲ. ಇನ್ನು ನ್ಯೂಯಾರ್ಕ್ ಅಥವಾ ಕೆನಡಾದ ಪೂರ್ವ ಕರಾವಳಿಯ ಹೆಸರು ಕಂಡರೆ, ಅದು ವಿಮಾನದಲ್ಲಿ ಬಂದದ್ದೆಂದು ತಿಳಿಯಬೇಕು. ಅದರ ಟಿಕೆಟ್ಟಿನ ಹಣವನ್ನೂ ಕಳೆದ ದಿನಗಳನ್ನೂ ನಾವೇ ಭರಿಸುತ್ತೇವೆ. ಬೋಸ್ಟನ್ನಿನಲ್ಲಿರುವವರು ಇದೇ ಮಾತನ್ನು ತಿರುಗಿಸಿ ಓದಿಕೊಳ್ಳಬಹುದು.

ಹ್ಯಾಪಿ ಅವರ್ ದರದಲ್ಲಿ ಸಾಮಾನ್ಯವಾಗಿ ಆಯ್ಕೆ ಇರುವುದಿಲ್ಲ. ಆ ದಿನ ಹೆಚ್ಚಾಗಿ ಬಂದ ಒಂದೆರಡು ಬಗೆಗಳನ್ನು ಅವರೇ ಆರಿಸಿ ಕೊಡುತ್ತಾರೆ. ಅದನ್ನು ಕೀಳೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ಹೆಚ್ಚಾಗಿ ಬರುವುದು ಬಹುಮಟ್ಟಿಗೆ ಹತ್ತಿರದಿಂದಲೇ. ಹೊಸಬರು ಅದರಲ್ಲಿ ಆರು ತರಿಸಿಕೊಂಡು, ಪೂರ್ತಿ ಬೆಲೆಯ ಕುಮಾಮೊಟೊ ಎರಡನ್ನು ಸೇರಿಸಿಕೊಂಡರೆ ಹೋಲಿಕೆಯೂ ಆಗುತ್ತದೆ, ಜೇಬೂ ಉಳಿಯುತ್ತದೆ.

ಋತುವಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಹಠವೂ ಬೇಡ. ಶರತ್ಕಾಲದಲ್ಲಿ ಸಿಂಪಿ ಚಳಿಗಾಲಕ್ಕೆಂದು ಗ್ಲೈಕೊಜೆನ್ ಎಂಬ ಪಿಷ್ಟದಂಥ ಆಹಾರವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅದು ತುಂಬಿಕೊಂಡು ಸಿಹಿಯಾಗಿರುವುದು ಇದರಿಂದಲೇ. ಬೇಸಿಗೆಯಲ್ಲಿ ಆ ಸಂಗ್ರಹವೆಲ್ಲ ಸಂತಾನಕ್ಕೆ ಖರ್ಚಾಗಿ, ಮಾಂಸ ಮೊದಲು ಹಾಲಿನಂತಾಗಿ, ಆಮೇಲೆ ಬಡಕಲಾಗುತ್ತದೆ. ಮೊಟ್ಟೆಯಿಡದ ಟ್ರಿಪ್ಲಾಯ್ಡ್ ತಳಿಗಳು ಬಂದ ಮೇಲೆ ಬೇಸಿಗೆಯಲ್ಲೂ ಗಟ್ಟಿ ಸಿಂಪಿ ಸಿಗುತ್ತದೆ ಎಂಬುದು ನಿಜವಾದರೂ, ಅಪಾಯದ ಕಾರಣ ಬೇರೆಯೇ ಇದೆ. ಸಿಯಾಟಲಿನ ಮಗ್ಗುಲಿನ ಕಡಲ ಚಾಚಾದ ಪ್ಯೂಜೆಟ್ ಸೌಂಡಿನಲ್ಲಿ ಬೇಸಿಗೆಯ ದೊಡ್ಡ ಇಳಿತಗಳು ಹಗಲಿನಲ್ಲಿ ಬರುತ್ತವೆ, ಚಳಿಗಾಲದವು ರಾತ್ರಿಯಲ್ಲಿ. ಜುಲೈ ಮಧ್ಯಾಹ್ನ ನೀರು ಸರಿದ ತಡಿಯಲ್ಲಿ ಸಿಂಪಿ ಬಿಸಿಲಿಗೆ ಕಾದಾಗ ಅದರೊಳಗೆ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಬೇಗ ಬೇಗ ಹೆಚ್ಚುತ್ತದೆ. ಜನವರಿಯಲ್ಲಿಯೋ, ಕೆಲಸಗಾರರು ಹಣೆಗೆ ದೀಪ ಕಟ್ಟಿಕೊಂಡು ಕೊರೆಯುವ ಕತ್ತಲಲ್ಲಿ ಅದನ್ನು ಆಯುತ್ತಾರೆ. 2021ರ ಜೂನ್ ಕೊನೆಯಲ್ಲಿ ಸಿಯಾಟಲ್ 42 ಡಿಗ್ರಿ ಸೆಲ್ಸಿಯಸ್ ಕಂಡ ಬಿಸಿಗಾಳಿಯ ಬೆನ್ನಿಗೇ, ಆ ಜುಲೈಯಲ್ಲಿ ರಾಜ್ಯದ ವಿಬ್ರಿಯೊ ಪ್ರಕರಣಗಳು ದಾಖಲೆ ಮಟ್ಟಕ್ಕೆ ಏರಿದ್ದವು. ಬೇಸಿಗೆಯಲ್ಲಿ ಎಷ್ಟು ಹೊತ್ತಿನೊಳಗೆ ತಂಪು ಮಾಡಬೇಕೆಂಬ ಕಟ್ಟುನಿಟ್ಟಿನ ನಿಯಮಗಳು ಬೆಳೆಗಾರರಿಗೆ ಇವೆ. ನಾನಾದರೂ ಜುಲೈ ಆಗಸ್ಟಿನಲ್ಲಿ ಹಸಿ ಸಿಂಪಿ ಬಿಟ್ಟುಬಿಡುತ್ತೇನೆ. ಹಾಗೆಂದು ಚಳಿಗಾಲ ಪೂರ್ತಿ ನಿರಪಾಯವಲ್ಲ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಚಳಿಯೇ ಇಷ್ಟ. ಹೊರಡುವ ಮುನ್ನ ಮಾರಾಟದಿಂದ ಹಿಂದಕ್ಕೆ ಪಡೆದ ಸಿಂಪಿಗಳ ಬಗ್ಗೆ ಆರೋಗ್ಯ ಇಲಾಖೆ ಹೊರಡಿಸುವ ಪ್ರಕಟಣೆಗಳ ಮೇಲೆ ಒಮ್ಮೆ ಕಣ್ಣಾಡಿಸುವುದಕ್ಕೆ ಒಂದು ನಿಮಿಷವೂ ಬೇಡ.

ತಟ್ಟೆ ಮುಂದೆ ಬಂದಾಗ ನಿಂಬೆ ಹಿಂಡುವ ಮೊದಲು ನೋಡಬೇಕು. ಚಿಪ್ಪಿನ ತುಂಬ ತಿಳಿಯಾದ ನೀರಿರಬೇಕು. ಮಾಂಸ ಚಿಪ್ಪನ್ನು ತುಂಬಿ ಉಬ್ಬಿರಬೇಕು, ಅಂಚಿನಲ್ಲಿ ಮುದುಡಿರಬಾರದು. ಕೆನೆಬಣ್ಣ ಒಳ್ಳೆಯದು, ಗಾಜಿನಂತೆ ಪಾರದರ್ಶಕವಾಗಿದ್ದರೆ ಅದು ಬಡಕಲು. ಹೊಟ್ಟೆ ಚಾಕುವಿಗೆ ಸಿಕ್ಕಿ ಹರಿದಿದ್ದರೆ, ಚಿಪ್ಪಿನ ಚೂರು ತುಂಬಿದ್ದರೆ ತಪ್ಪು ಬಿಡಿಸಿದವರದೇ ಹೊರತು ಸಿಂಪಿಯದಲ್ಲ. ವಾಸನೆ ಅಲೆ ಬಡಿದ ಬಂಡೆಯದಾಗಿರಬೇಕು. ಒಮ್ಮೆ ಹೆಸರು ಬೇಡವಾದ ಒಂದು ಜಾಗದಲ್ಲಿ ಒಣಗಿದ, ಕೈಗೆ ಬೆಚ್ಚಗಾದ ಆರು ಸಿಂಪಿಗಳು ಬಂದಾಗ ಸಂಕೋಚದಿಂದ ಎರಡನ್ನು ನುಂಗಿ ಆ ರಾತ್ರಿಯೆಲ್ಲ ಭಯದಲ್ಲಿ ಕಳೆದಿದ್ದೇನೆ. ಏನೂ ಆಗಲಿಲ್ಲ, ಆದರೆ ಅಂದಿನಿಂದ ಒಣಗಿದ್ದನ್ನು, ಬೆಚ್ಚಗಿರುವುದನ್ನು ಮಾತಿಲ್ಲದೆ ಹಿಂದಕ್ಕೆ ಕಳಿಸುತ್ತೇನೆ. ಯಾರೂ ಮುಖ ಗಂಟಿಕ್ಕಿದ್ದನ್ನು ಕಂಡಿಲ್ಲ.

ದರದ ಲೆಕ್ಕವನ್ನು ಬಿಲ್ಲಿನ ಕೊನೆಯ ಸಾಲಿನಿಂದ ಮಾಡಬೇಕು. ಎರಡು ಡಾಲರಿನಂತೆ ಹನ್ನೆರಡಕ್ಕೆ 24 ಡಾಲರ್. ಅದರ ಮೇಲೆ ಶೇಕಡಾ 10 ಮೀರಿದ ಮಾರಾಟ ತೆರಿಗೆ, ಶೇಕಡಾ 20ರ ಟಿಪ್ ಸೇರಿ 31 ಡಾಲರ್ ದಾಟುತ್ತದೆ. ಅದೇ ಹನ್ನೆರಡು ನಾಲ್ಕು ಡಾಲರಿನ ಹೊತ್ತಿನಲ್ಲಾದರೆ 62ರ ಮೇಲೆ. ಒಂದು ಪಾನೀಯ ಕೊಳ್ಳಲೇಬೇಕೆಂಬ ಷರತ್ತಿದ್ದರೆ ಉಳಿತಾಯದ ಅರ್ಧ ಅಲ್ಲೇ ಕರಗೀತು, ಆದ್ದರಿಂದ ಅದನ್ನು ಮೊದಲೇ ಕೇಳಿಕೊಳ್ಳಬೇಕು. ಕಾರಿದ್ದವರಿಗೆ ಇನ್ನೊಂದು ದಾರಿಯಿದೆ. ಚಕಾನಟ್ ಡ್ರೈವಿನ ಮೇಲೆ ಸಾಮಿಶ್ ಕೊಲ್ಲಿಯ ದಡದಲ್ಲಿರುವ ಟೇಲರ್ ಶೆಲ್‌ಫಿಶ್ ಸಂಸ್ಥೆಯ ತೋಟ, ಹುಡ್ ಕೆನಾಲ್ ಎಂಬ ಕಡಲ ಚಾಚಿನ ಬದಿಯ ಲಿಲಿವಾಪಿನಲ್ಲಿರುವ ಹಾಮಾ ಹಾಮಾ ಇವೆರಡೂ ಬೆಳೆದಲ್ಲಿಯೇ ಮಾರುತ್ತವೆ. ಡಜನ್ ಲೆಕ್ಕದಲ್ಲಿ ಚಿಪ್ಪುಸಹಿತ ಕೊಂಡು ನಾವೇ ಬಿಚ್ಚಿಕೊಂಡರೆ, ರೆಸ್ಟೋರೆಂಟಿನ ಬೆಲೆಯಲ್ಲಿ ಬಿಡಿಸುವವರ ಕೂಲಿಯೂ ಸೇರಿತ್ತೆಂದು ಗೊತ್ತಾಗುತ್ತದೆ. ಕೂಲಿ ನ್ಯಾಯವಾದದ್ದೇ ಎಂದು ನಮ್ಮ ಅಂಗೈ ನಾಲ್ಕನೆಯ ಸಿಂಪಿಯ ಹೊತ್ತಿಗೆ ಒಪ್ಪಿಕೊಳ್ಳುತ್ತದೆ. ದಪ್ಪ ಕೈಗವಸು ಮರೆಯಬಾರದು.

ನಿಂಬೆ, ಖಾರದ ಸಾಸ್, ವೋಡ್ಕಾ ಇವು ಯಾವುವೂ ರೋಗಾಣುವನ್ನು ಕೊಲ್ಲುವುದಿಲ್ಲ. ಯಕೃತ್ತಿನ ಕಾಯಿಲೆ, ಮಧುಮೇಹ, ಕುಗ್ಗಿದ ರೋಗನಿರೋಧಕ ಶಕ್ತಿ ಇರುವವರು, ಗರ್ಭಿಣಿಯರು ಹಸಿ ಸಿಂಪಿಯನ್ನು ಯಾವ ಋತುವಿನಲ್ಲೂ ಮುಟ್ಟಬಾರದು. ಆರು ತಿಂಗಳಿಗೆಂದು ಊರಿನಿಂದ ಬರುವ ಅಪ್ಪ ಅಮ್ಮಂದಿರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯವೆಂಬುದು ಇಲ್ಲಿರುವ ಕನ್ನಡಿಗರಿಗೆ ಗೊತ್ತೇ ಇದೆ. ಹುರುಪಿನಿಂದ ಅವರನ್ನು ಕೌಂಟರಿಗೆ ಕರೆದೊಯ್ಯುವ ಮೊದಲು ಇದು ನೆನಪಿರಲಿ. ನನ್ನ ಅಮ್ಮ ಬಂದಾಗ ಅವಳಿಗೆ ಅದೇ ಹ್ಯಾಪಿ ಅವರ್‌ನಲ್ಲಿ ಕೆಂಡದ ಮೇಲೆ ಪೂರ್ತಿ ಬೆಂದ ಬೆಳ್ಳುಳ್ಳಿ ಬೆಣ್ಣೆಯ ಸಿಂಪಿ ತರಿಸಿದೆ. ಅವಳು ಒಂದನ್ನು ತಿಂದು, ಕಲ್ಗ ಚೆನ್ನಾಗಿದೆ, ಮಸಾಲೆ ಸಾಲದು ಎಂದಳು.