ಗಲ್ಲಾಪೆಟ್ಟಿಗೆಗೆ ಬೀಗವಿದೆ, ಗ್ರಾಹಕರ ಆಧಾರ್ ಪ್ರತಿಗೆ?

ಬಸ್ ನಿಲ್ದಾಣದ ಪಕ್ಕದ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ. 'ಒಂದು ಪ್ರಿಂಟ್ ಬೇಕಿತ್ತು' ಎಂದರೆ ಹುಡುಗ ತಲೆ ಎತ್ತದೆ ಗೋಡೆ ತೋರಿಸುತ್ತಾನೆ. ಅಲ್ಲಿ ಅಂಟಿಸಿದ ನಂಬರಿಗೆ ವಾಟ್ಸ್‌ಆ್ಯಪ್ ಮಾಡಬೇಕು. ಆಧಾರ್, ಪ್ಯಾನ್, ಅಂಕಪಟ್ಟಿ, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಆ ಕಂಪ್ಯೂಟರಿಗೆ ಹೋಗಿ ಬೀಳುತ್ತವೆ. ಪ್ರಿಂಟ್ ಬಂತು, ದುಡ್ಡು ಕೊಟ್ಟಿರಿ, ಹೊರಟಿರಿ. ಫೈಲ್ ಮಾತ್ರ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯಿತು. ನಾಳೆ ಇನ್ನೊಬ್ಬರು ತಮ್ಮ ಅರ್ಜಿ ಹುಡುಕಲು ಪರದೆಯತ್ತ ಬಗ್ಗಿದಾಗ ನಿಮ್ಮ ಆಧಾರ್ ಅವರ ಕಣ್ಣಿಗೂ ಬೀಳುತ್ತದೆ.

ಈ ಲೇಖನ ಕೌಂಟರಿನ ಒಳಗೆ ಕೂತವರಿಗಾಗಿ. ಜೆರಾಕ್ಸ್ ಅಂಗಡಿ, ಪಿ.ಜಿ., ಜಿಮ್, ಟ್ಯೂಷನ್, ಕನ್ನಡಕದ ಅಂಗಡಿ, ಸೀರೆ ಅಂಗಡಿ ಯಾವುದೇ ಇರಲಿ, ಜನರ ಹೆಸರು-ನಂಬರು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇದ್ದರೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ನಿಮಗೂ ಸಂಬಂಧಿಸಿದ್ದು. ಕಾಗದದ ಖಾತೆ ಪುಸ್ತಕ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಆ ಪುಟವನ್ನು ಫೋಟೊ ಹೊಡೆದು ಫೋನಿನಲ್ಲಿಟ್ಟುಕೊಂಡ ಕ್ಷಣದಿಂದ ಬರುತ್ತದೆ. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ವ್ಯಾಪಾರಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಅಂದರೆ 2027ರ ಮೇ.

'ನಾವು ಸಣ್ಣವರು, ನಮ್ಮನ್ನು ಯಾರು ಕೇಳುತ್ತಾರೆ?' ಎಂಬ ಮಾತು 2025ರ ಜುಲೈವರೆಗೂ ನಮ್ಮ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕೇಳುತ್ತಿತ್ತು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದ ಮೇಲೆ ನಿಂತಿತು. ಜಿಎಸ್‌ಟಿಗಾದರೂ ಸರಕಿನ ವ್ಯಾಪಾರಕ್ಕೆ 40 ಲಕ್ಷ ರೂಪಾಯಿಯ ಗೆರೆ ಇದೆ. ಈ ಕಾಯ್ದೆಯಲ್ಲಿ ಅಂಥ ಗೆರೆಯೇ ಇಲ್ಲ. ಸ್ಟಾರ್ಟ್‌ಅಪ್‌ಗಳೂ ಸೇರಿದಂತೆ ಕೆಲವರಿಗೆ ಕೆಲವು ಹೊಣೆಗಳಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಅಷ್ಟೆ. ಮಾಹಿತಿಯನ್ನು ಭದ್ರವಾಗಿ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎಂಬುದು ನಿಜ. ಆದರೆ ಆ ಅಂಕಿ ತೋರಿಸಿ ಸಾಫ್ಟ್‌ವೇರ್ ಮಾರಲು ಬರುವವರಿಗೆ ಹೆದರಬೇಡಿ. ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ಸರಿಪಡಿಸಲು ಏನು ಮಾಡಿದಿರಿ ಎಂಬುದನ್ನೆಲ್ಲ ನೋಡಿಯೇ ದಂಡ ನಿರ್ಧರಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮೊದಲ ಕೆಲಸಕ್ಕೆ ಸಾಫ್ಟ್‌ವೇರ್ ಬೇಡ, ಒಂದು ನೋಟ್‌ಬುಕ್ ಸಾಕು.

1. ಎಲ್ಲೆಲ್ಲಿ ಏನಿದೆ, ಬರೆಯಿರಿ

ವ್ಯಾಪಾರ ಕಡಿಮೆ ಇರುವ ಒಂದು ಮಧ್ಯಾಹ್ನ ಕೂತು ಪಟ್ಟಿ ಮಾಡಿ. ಬಿಲ್ಲಿಂಗ್ ಕಂಪ್ಯೂಟರ್, ಮಾಲೀಕರ ಫೋನ್, ಕೆಲಸದ ಹುಡುಗನ ಸ್ವಂತ ಫೋನ್, ಹಳೆಯ ಪೆನ್‌ಡ್ರೈವ್, ಗೂಗಲ್ ಶೀಟ್, ಸಿಸಿಟಿವಿ. ಪಿ.ಜಿ. ನಡೆಸುವವರು ವಾಟ್ಸ್‌ಆ್ಯಪ್ ಗ್ಯಾಲರಿ ತೆರೆದು ನೋಡಿ: ಮೂರು ವರ್ಷದ ಹಿಂದೆ ಖಾಲಿ ಮಾಡಿದವರ ಆಧಾರ್ ಕೂಡ, ಮೊಮ್ಮಗುವಿನ ಫೋಟೊಗಳ ನಡುವೆ ಹಾಗೇ ಇರುತ್ತದೆ. ಪ್ರತಿಯೊಂದರ ಮುಂದೆ 'ಯಾಕೆ ಬೇಕು?' ಎಂದು ಬರೆದುಕೊಳ್ಳಿ. ಉತ್ತರ ಹೊಳೆಯದ ಸಾಲುಗಳೇ ಹೆಚ್ಚಿರುತ್ತವೆ.

2. ಬೇಡದ್ದನ್ನು ಕೇಳಬೇಡಿ

ಎರಡು ಪ್ಯಾಕೆಟ್ ಬಿಸ್ಕತ್ತಿಗೂ 'ಮೊಬೈಲ್ ನಂಬರ್ ಹೇಳಿ ಸಾರ್' ಎನ್ನುವ ರೂಢಿ ಬಿಡಿ. ನಂಬರ್ ಕೊಡಲೇಬೇಕೆಂದು ಗ್ರಾಹಕರನ್ನು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿತ್ತು.

ಗುರುತಿನ ಚೀಟಿ ನಿಜಕ್ಕೂ ಬೇಕಿದ್ದರೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿ ಎಂದು ಪ್ರಕಟಣೆ ಹೊರಡಿಸಿತು. ತಪ್ಪು ಅರ್ಥ ಬರಬಹುದು ಎಂದು ಎರಡೇ ದಿನದಲ್ಲಿ ಅದನ್ನು ವಾಪಸು ಪಡೆಯಲಾಯಿತು. ಪ್ರಕಟಣೆ ಹಿಂದೆ ಹೋದರೂ ಅದರಲ್ಲಿದ್ದ ಎಚ್ಚರಿಕೆ ಸರಿಯಾದದ್ದೇ ಎಂಬುದು ನನ್ನ ಅಭಿಪ್ರಾಯ.

3. ಯಾಕೆಂದು ಹೇಳಿ, ಕನ್ನಡದಲ್ಲೇ ಹೇಳಿ

ಕಾಯ್ದೆಯಲ್ಲೇ ಒಂದು ಔಷಧಿ ಅಂಗಡಿಯ ಉದಾಹರಣೆ ಇದೆ. ರಸೀದಿ ಮೊಬೈಲಿಗೆ ಬರಲಿ ಎಂದು ಗ್ರಾಹಕಿ ತಾನಾಗಿ ನಂಬರ್ ಕೊಟ್ಟರೆ, ರಸೀದಿ ಕಳಿಸಲು ಅದನ್ನು ಬಳಸಬಹುದು. ಅದೇ ನಂಬರಿಗೆ ಯುಗಾದಿ ಆಫರ್ ಕಳಿಸಬೇಕೆಂದರೆ ಬೇರೆ ಒಪ್ಪಿಗೆ ಬೇಕು. ಒಪ್ಪಿಗೆ ಕೇಳುವ ಸೂಚನೆ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕೋ ಅದರಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ. ಕೌಂಟರಿನ ಬೋರ್ಡಿಗೆ ಹೀಗೆ ಶುರು ಮಾಡಬಹುದು:

'ನಿಮ್ಮ ಹೆಸರು, ನಂಬರ್ ಬಿಲ್ ಕಳಿಸಲು ಮಾತ್ರ. ಆಫರ್ ಸಂದೇಶ ಬೇಕಿದ್ದರೆ ಹೇಳಿ, ಸೇರಿಸುತ್ತೇವೆ. ಬೇಡವೆನಿಸಿದ ದಿನ ಇದೇ ನಂಬರಿಗೆ ಬೇಡ ಎಂದು ಕಳಿಸಿ. ದೂರಿದ್ದರೆ ಮಾಲೀಕರನ್ನು ಕೇಳಿ.'

ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಕೊಡುವುದು ಹೇಗೆಂಬ ಸಾಲನ್ನೂ ಸೇರಿಸಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲೂ ಬರಬೇಕು.

ಟ್ಯೂಷನ್ ನಡೆಸುವವರಿಗೆ ಇನ್ನೊಂದು ಮಾತು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಶಿಕ್ಷಣ ಸಂಸ್ಥೆಗಳಿಗೆ ಬೋಧನೆ ಮತ್ತು ಸುರಕ್ಷತೆಯ ಮಟ್ಟಿಗೆ ಒಂದಿಷ್ಟು ವಿನಾಯಿತಿ ಇದೆ. ಎಸ್ಸೆಸ್ಸೆಲ್ಸಿ ಟಾಪರ್‌ಗಳ ಫೋಟೊ, ಅಂಕವನ್ನು ಸರ್ಕಲ್ಲಿನ ಫ್ಲೆಕ್ಸಿಗೆ, ಇನ್‌ಸ್ಟಾಗ್ರಾಂಗೆ ಏರಿಸುವುದನ್ನು ಬೋಧನೆ ಎನ್ನಲು ಬರುವುದಿಲ್ಲ.

4. ಹಳೆಯದನ್ನು ತೆಗೆಯಿರಿ, ಆದರೆ ನೋಡಿ ತೆಗೆಯಿರಿ

ಜಿಎಸ್‌ಟಿ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಲೇಬೇಕು. ಅವನ್ನು ಮುಟ್ಟಬೇಡಿ. ಹೊಸ ನಿಯಮಗಳಲ್ಲಿ, ಬಳಸಿದ ಮಾಹಿತಿ ಮತ್ತು ಅದರ ಲಾಗ್‌ಗಳನ್ನು (ಬಳಕೆಯ ಬಗ್ಗೆ ಕಂಪ್ಯೂಟರ್ ಬರೆದಿಡುವ ದಾಖಲೆ) ಕನಿಷ್ಠ ಒಂದು ವರ್ಷ ಉಳಿಸಬೇಕೆಂಬ ಅಂಶವೂ ಇದೆ. ಒಂದೆಡೆ ಅಳಿಸು, ಇನ್ನೊಂದೆಡೆ ಉಳಿಸು ಎಂದರೆ ಸಣ್ಣ ಅಂಗಡಿಯವರಿಗೆ ಗೊಂದಲವೇ. ಅದು ಜಾರಿಗೆ ಬರುವ ಮುನ್ನ ನಿಮ್ಮ ಆಡಿಟರನ್ನು ಒಮ್ಮೆ ಕೇಳಿಕೊಳ್ಳಿ. ಆದರೆ ವರ್ಷಗಟ್ಟಲೆ ಹಿಂದಿನ ಆಧಾರ್ ಪಿಡಿಎಫ್‌ಗಳಿಗೆ ಯಾವ ನೆಪವೂ ಇಲ್ಲ. ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ.

5. ಕೀಲಿ ಯಾರ ಕೈಯಲ್ಲಿದೆ?

ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದೂ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಇದನ್ನು ಇವತ್ತೇ ಬದಲಿಸಿ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ತೆಗೆಯಿರಿ. ಆಫರ್ ತಿಳಿಸಲು ಗ್ರಾಹಕರನ್ನೆಲ್ಲ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಬೇಡಿ. ಇನ್ನೂರು ಹೆಣ್ಣುಮಕ್ಕಳ ನಂಬರ್ ಇನ್ನೂರು ಅಪರಿಚಿತರಿಗೆ ಸಿಗುತ್ತದೆ. ಒಪ್ಪಿದವರಿಗೆ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದರೆ ಈ ತೊಂದರೆ ಇಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯ ಕಡೆಯಿಂದ ಮಾಹಿತಿ ಸೋರಿದರೂ ಕಾನೂನು ಮೊದಲು ಕೇಳುವುದು ನಿಮ್ಮನ್ನೇ. ಆದ್ದರಿಂದ ಅವರೊಂದಿಗೆ ಲಿಖಿತ ಕರಾರು ಇರಲಿ.

6. ಸೋರಿದ ದಿನ

ಅಂಗಡಿಯ ಫೋನ್ ಕಳೆಯಿತು, ಕಂಪ್ಯೂಟರಿಗೆ ಯಾರೋ ನುಗ್ಗಿದರು ಎಂದಿಟ್ಟುಕೊಳ್ಳಿ. ಮುಚ್ಚಿಡಬೇಡಿ. ಮುಖ್ಯ ಹೊಣೆಗಳು ಜಾರಿಗೆ ಬಂದ ಮೇಲೆ, ತೊಂದರೆಗೆ ಒಳಗಾದ ಗ್ರಾಹಕರಿಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ವಿವರವಾದ ವರದಿ ಕೊಡಬೇಕು. ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಯಾರ ಯಾರ ಮಾಹಿತಿ ಹೋಯಿತು ಎಂದು ಹೇಳಲು ಆಗ ನಿಮ್ಮ ಕೈಯಲ್ಲಿರುವುದು ಮೊದಲ ಹೆಜ್ಜೆಯ ನೋಟ್‌ಬುಕ್ ಒಂದೇ. ಅದನ್ನು ಅದೇ ಕಂಪ್ಯೂಟರಿನೊಳಗೆ ಟೈಪ್ ಮಾಡಿಡದೆ ಗಲ್ಲಾಪೆಟ್ಟಿಗೆಯಲ್ಲಿಡಿ.