ಕದ್ದ ಫೋಟೊಗೆ ಬಿಲ್ ಕಳುಹಿಸಿ ಹಣ ಪಡೆದ ಬಗೆ

ಯಾಣದ ಬಂಡೆ, ಮಳೆಗಾಲದ ಅಘನಾಶಿನಿ, ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ವೇಷಧಾರಿ. ನನ್ನ ಈ ಚಿತ್ರಗಳು ಎಷ್ಟು ರೆಸಾರ್ಟ್‌ಗಳ ಜಾಹೀರಾತಿನಲ್ಲಿ ನನ್ನ ಅನುಮತಿಯಿಲ್ಲದೆ ಮೆರೆದಿವೆಯೋ ಲೆಕ್ಕವಿಲ್ಲ. ‘ಹೆಸರು ಹಾಕಿಸಿಕೊಂಡು ಸುಮ್ಮನಿರು, ಶಿರಸಿಯಲ್ಲಿ ಕುಳಿತು ಮುಂಬೈ ಕಂಪನಿಯಿಂದ ಹಣ ವಸೂಲು ಮಾಡುತ್ತೀಯಾ?’ ಎಂದು ನಕ್ಕ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಎರಡು ವರ್ಷಗಳಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ ರೂಪಾಯಿ ಬಂದಿದೆ. ಕೋರ್ಟ್ ಮೆಟ್ಟಿಲು ಹತ್ತಿಲ್ಲ.

ಅದಕ್ಕೆ ಮೊದಲು ಎಲ್ಲರೂ ಹೇಳುವ ದಾರಿಗಳೆಲ್ಲ ಕೈಕೊಟ್ಟವು. ಹೆಸರು ಹಾಕಿ ಎಂದು ಕೇಳಿದರೆ ಹಾಕುತ್ತಾರೆ, ಆಮೇಲೆ ‘ನೀವೇ ಒಪ್ಪಿದ್ದಿರಲ್ಲ’ ಎನ್ನುತ್ತಾರೆ. ಜಾಲತಾಣಕ್ಕೆ ದೂರು ಕೊಟ್ಟರೆ 2013ರ ಕೃತಿಸ್ವಾಮ್ಯ ನಿಯಮಗಳ ಪ್ರಕಾರ 36 ಗಂಟೆಯೊಳಗೆ ಚಿತ್ರವನ್ನು ತಡೆಯಬೇಕು, 21 ದಿನಗಳಲ್ಲಿ ನಾವು ಕೋರ್ಟ್ ಆದೇಶ ತರದಿದ್ದರೆ ಅದು ಮತ್ತೆ ಕಾಣಿಸಬಹುದು. ಚಿತ್ರ ಮಾಯವಾದದ್ದೇ ತಡ, ಕಂಪನಿಯವರು ‘ನಾವು ಬಳಸಿಯೇ ಇಲ್ಲ’ ಎಂದರು. ಠಾಣೆಗೂ ಹೋದೆ. ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 63ರ ಅಪರಾಧಕ್ಕೆ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು ಎಂಬ 2022ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರತಿ ಕೈಯಲ್ಲಿತ್ತು. ಚಹಾ ಕೊಟ್ಟು, ‘ಇದು ಸಿವಿಲ್ ವಿಷಯ’ ಎಂದು ಕಳುಹಿಸಿದರು.

ದೊಡ್ಡ ಪೆಟ್ಟು ಬಿದ್ದದ್ದು ವಕೀಲರ ನೋಟಿಸಿನಿಂದ. ಆರೇಳು ಸಾವಿರ ಶುಲ್ಕ ತೆಗೆದುಕೊಂಡು ಹತ್ತು ಲಕ್ಷ ಪರಿಹಾರ ಕೇಳಿದರು. ಆಧಾರವಿಲ್ಲದೆ ಬೆದರಿಸಿದರೆ ಅದೇ ಕಾಯ್ದೆಯ ಸೆಕ್ಷನ್ 60ರಡಿ ನಾವೇ ದಾವೆ ಹೂಡುತ್ತೇವೆ ಎಂಬ ಉತ್ತರ ಕಂಪನಿಯಿಂದ ಬಂತು. ಹತ್ತು ಲಕ್ಷ ಎಂದು ಕಂಡೊಡನೆ ಎದುರಿನವರೂ ವಕೀಲರನ್ನು ಹಿಡಿಯುತ್ತಾರೆ. ನಲವತ್ತು ಸಾವಿರದ ಬಿಲ್ಲಾದರೆ ಲೆಕ್ಕಪತ್ರ ವಿಭಾಗದವರು ತುಂಬಿ ಕೈತೊಳೆದುಕೊಳ್ಳುತ್ತಾರೆ. ನನ್ನ ವಿಧಾನದ ತಿರುಳು ಇಷ್ಟೇ.

ಈಗ ಕಳ್ಳತನ ಕಂಡರೆ ಯಾರಿಗೂ ಸುಳಿವು ಕೊಡುವುದಿಲ್ಲ. ಬ್ರೌಸರ್‌ನ ಅಡ್ರೆಸ್ ಬಾರ್ ಕಾಣುವಂತೆ ಇಡೀ ಪುಟವನ್ನು ವಿಡಿಯೊ ಮಾಡಿ, ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾದಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಪುಟ ಉಳಿಸಿ, ಫೈಲ್‌ಗಳ ಹ್ಯಾಶ್ (ಫೈಲ್ ಬದಲಾಗಿಲ್ಲ ಎಂದು ತೋರಿಸುವ, ಬೆರಳಚ್ಚಿನಂಥ ಸಂಕೇತ) ಬರೆದಿಡುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರಕ್ಕೆ ಹ್ಯಾಶ್ ಬೇಕು. ಅದೂ ಆ ಅಧಿನಿಯಮದ ಸೆಕ್ಷನ್ 63ರಲ್ಲೇ ಇದೆ, ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 63ರೊಂದಿಗೆ ಬೆರೆಸಬೇಡಿ. ಜೊತೆಗೆ ಆ ಚಿತ್ರದ ರಾ ಫೈಲ್ (ಕ್ಯಾಮೆರಾದ ಮೂಲ ಕಡತ) ಮಾತ್ರವಲ್ಲ, ಅದರ ಹಿಂದುಮುಂದಿನ ನಾಲ್ಕೈದು ಫ್ರೇಮ್‌ಗಳನ್ನೂ ಇಡುತ್ತೇನೆ. ಕದ್ದವನ ಬಳಿ ಅವು ಇರಲು ಸಾಧ್ಯವೇ ಇಲ್ಲ.

ಬಿಲ್ ನನ್ನ ಸಾಮಾನ್ಯ ದರದ ಎರಡರಷ್ಟು. ದರ ಸಾಬೀತುಪಡಿಸಲು ಹಳೆಯ ಗ್ರಾಹಕರ ಬಿಲ್‌ಗಳ ನಕಲನ್ನು ಲಗತ್ತಿಸುತ್ತೇನೆ. ಮಾರ್ಕೆಟಿಂಗ್‌ನವರಿಗೆ ಕಳುಹಿಸಿದರೆ ಮುಚ್ಚಿಹಾಕುತ್ತಾರೆ, ಏಕೆಂದರೆ ಕದ್ದವರು ಅವರೇ. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ನೋಂದಾಯಿತ ಕಚೇರಿಯ ವಿಳಾಸ ಸಿಗುತ್ತದೆ, ಬಿಲ್ ನಿರ್ದೇಶಕರ ಹೆಸರಿಗೆ ಅಲ್ಲಿಗೇ ಹೋಗಬೇಕು. ಬಿಲ್ ಜೊತೆಗಿನ ಪತ್ರದ ಕೊನೆಯಲ್ಲಿ ಒಂದೇ ಸಾಲು: ಹದಿನೈದು ದಿನಗಳಲ್ಲಿ ಹಣ ಬಾರದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 62ರ ಪ್ರಕಾರ ನಾನು ವಾಸಿಸುವ ಜಿಲ್ಲೆಯಲ್ಲಿ, ಅಂದರೆ ಉತ್ತರ ಕನ್ನಡದಲ್ಲಿ, ದಾವೆ ಹೂಡುತ್ತೇನೆ. ಮುಂಬೈ ವಕೀಲರು ಪ್ರತಿ ವಾಯಿದೆಗೂ ಇಲ್ಲಿಗೆ ಬರುವ ಖರ್ಚನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಬೇಡಿಕೆ ಮೂರು ಲಕ್ಷದ ಕೆಳಗಿದ್ದರೆ ವಾಣಿಜ್ಯ ನ್ಯಾಯಾಲಯದ ಕಡ್ಡಾಯ ಮಧ್ಯಸ್ಥಿಕೆಯ ಸುತ್ತೂ ತಪ್ಪುತ್ತದೆ. ಪತ್ರದ ಎರಡನೆಯ ಪ್ಯಾರಾದಲ್ಲಿ ಏನಿರುತ್ತದೆ ಎಂದು ಹೇಳುವುದಿಲ್ಲ, ಅದು ನನ್ನ ಅನ್ನ.

ನಡುವೆ ವಾಟರ್‌ಮಾರ್ಕ್ ದೊಡ್ಡದು ಮಾಡಿಯೂ ನೋಡಿದೆ. ಗ್ರಾಹಕರು ಮುಖ ತಿರುಗಿಸಿದರು, ಕಳ್ಳರು ಎಐಯಿಂದ ಒರೆಸಿ ಬಳಸಿದರು. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಒಂದು ಚಿತ್ರಕ್ಕೆ 500 ರೂಪಾಯಿ, ಆಕ್ಷೇಪಣೆಗೆಂದೇ 30 ದಿನ, ಆಮೇಲೆ ತಿಂಗಳುಗಟ್ಟಲೆ ಕಾಯಬೇಕು. ಪದೇ ಪದೇ ಕಳುವಾಗುವ ಕೆಲವನ್ನಷ್ಟೇ ಮಾಡಿಸಿದ್ದೇನೆ.

ಹಣ ಬಂದಾಗ ಚಿತ್ರ ಬಳಸಲು ಕೊಡುವ ಅನುಮತಿ ಪತ್ರದಲ್ಲಿ ಅವಧಿ ಬರೆಯದೆ ಬಿಡಬೇಡಿ. ಖಾಲಿ ಬಿಟ್ಟರೆ ಕಾಯ್ದೆಯೇ ಐದು ವರ್ಷ ಎಂದು ತಿಳಿಯುತ್ತದೆ. ಊರಿನ ಹೋಮ್‌ಸ್ಟೇಗಳಿಗೆ ಮಾತ್ರ ನನ್ನ ದರ ಬೇರೆ. ಒಬ್ಬರು ಹಣದ ಬದಲು ಎರಡು ಬಾಟಲಿ ತುಡುವೆ ಜೇನುತುಪ್ಪ ತಂದರು. ಅವರಿಗೂ ಒಂದು ವರ್ಷ ಎಂದೇ ಬರೆದು ಸಹಿ ಮಾಡಿಸಿಕೊಂಡಿದ್ದೇನೆ.