ಹಳೇ ಕಲ್ಲು ಯಾರ ಸುಪರ್ದಿನಲ್ಲಿದೆ? ಅರ್ಜಿ ಹಾಕುವ ಮುಂಚೆ ನೋಡಿಕೊಳ್ಳಬೇಕಾದ್ದು

ಚಿತ್ರದುರ್ಗದ ಕೋಟೆ ಪಕ್ಕ ಮನೆ ಕಟ್ಟುವವರಿಗೂ, ಊರ ಮುಂದಿನ ವೀರಗಲ್ಲು ಉಳಿಸಬೇಕೆನ್ನುವವರಿಗೂ ಮೊದಲ ಕೆಲಸ ಒಂದೇ: ಅದು ಯಾರ ಸುಪರ್ದಿನಲ್ಲಿದೆ ಎಂದು ತಿಳಿಯುವುದು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಟಪಾಲಿನಲ್ಲೇ ತಿಂಗಳುಗಟ್ಟಲೆ ಸುತ್ತುತ್ತದೆ.

ಸ್ಥಳದಲ್ಲಿ ಫಲಕ ಓದಿ. ದುರ್ಗದ ಕೋಟೆ, ಬ್ರಹ್ಮಗಿರಿಯ ಅಶೋಕನ ಶಾಸನ, ಹರಿಹರದ ಹರಿಹರೇಶ್ವರ ದೇವಾಲಯ ಇವು ಕೇಂದ್ರದ 1958ರ ಕಾಯ್ದೆಯಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಸೇರಿದವು. ರಾಜ್ಯದ 1961ರ ಕಾಯ್ದೆಯಡಿ ಘೋಷಿತವಾದವು ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಜ್ಯ ಪುರಾತತ್ವ ಇಲಾಖೆಯವು. ಫಲಕವೇ ಇಲ್ಲದಿದ್ದರೆ ಪಹಣಿ ತೆಗೆಸಿ, 9 ಮತ್ತು 11ನೇ ಕಾಲಂ (ಮಾಲೀಕರ ಹೆಸರು, ಇತರ ಹಕ್ಕು-ಋಣ) ನೋಡಿ.

ಕೇಂದ್ರದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಂದರೆ ಅನುಮತಿ ಪಡೆದು ಮಾತ್ರ ಕಟ್ಟಬಹುದಾದ ಜಾಗ. ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಟೇಪು ಹಿಡಿಯಬೇಕಾದ್ದು ಕಣ್ಣಿಗೆ ಕಾಣುವ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಗಡಿ ಗೋಡೆಗಿಂತ ಎಷ್ಟೋ ಮುಂದಿರಬಹುದು. ಸೈಟ್ ಕೊಳ್ಳುವ ಮುಂಚೆಯೇ ಇಲಾಖೆಯಲ್ಲಿ ಗಡಿಯ ನಕ್ಷೆ ಕೇಳಿ, ನಿಮ್ಮ ಹದ್ದುಬಸ್ತು ನಕ್ಷೆಯ ಜೊತೆ ಹೋಲಿಸಿ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆಗೆ ಅನುಮತಿಯಿಲ್ಲ. 1992ರ ಜೂನ್ 16ಕ್ಕೆ ಮುಂಚಿನ ಮನೆಯಾದರೆ ದುರಸ್ತಿಗೆ ಅರ್ಜಿ ಹಾಕಬಹುದು, ಹಾಗಾಗಿ ಹಳೇ ಕಂದಾಯ ರಸೀದಿ, ಕ್ರಯಪತ್ರ ಬಿಸಾಡಬೇಡಿ. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಈ ಅನುಮತಿ ಕೊಡಲು ಕೇಂದ್ರ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ. ಅದು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ ಎರಡು ತಿಂಗಳಲ್ಲಿ ಅಭಿಪ್ರಾಯ ಬರಬೇಕು, ಆಮೇಲೆ ಒಂದು ತಿಂಗಳಲ್ಲಿ ತೀರ್ಮಾನ. ನಗರಸಭೆಯ ಲೈಸೆನ್ಸ್ ಇದಕ್ಕೆ ಬದಲಿ ಆಗುವುದಿಲ್ಲ. ಅದನ್ನೇ ನಂಬಿ ಪಾಯ ಹಾಕಿದರೆ ಕೆಲಸ ನಿಲ್ಲುತ್ತದೆ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು.

ಪೂಜೆ ನಡೆಯುವ ಸಂರಕ್ಷಿತ ಗುಡಿಯಲ್ಲಿ ಪೂಜೆ, ಉತ್ಸವ ಗುಡಿ ನಡೆಸುವವರ ಹೊಣೆ, ಕಲ್ಲಿನ ಕಟ್ಟಡ ಪುರಾತತ್ವ ಇಲಾಖೆಯದು. ಟೈಲ್ಸ್, ಬಣ್ಣ, ಶೀಟಿನ ಚಪ್ಪರ ಯಾವುದೂ ಸಮಿತಿಯ ಠರಾವಿನಿಂದ ಆಗುವ ಕೆಲಸವಲ್ಲ.

ಯಾರ ಪಟ್ಟಿಯಲ್ಲೂ ಇಲ್ಲದ ವೀರಗಲ್ಲು, ಶಾಸನಗಳೇ ನಮ್ಮಲ್ಲಿ ಹೆಚ್ಚು ಹಾಳಾಗುತ್ತಿರುವುದು, ಅದೂ ಭಕ್ತಿಯಿಂದಲೇ. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಕಲ್ಲನ್ನು ಎತ್ತಿ ಸಿಮೆಂಟ್ ಕಟ್ಟೆಯಲ್ಲಿ ಹೂತರೆ ಮೊದಲು ಮುಚ್ಚಿಹೋಗುವುದು ಆ ಕಾಳಗವೇ, ಅಂದರೆ ಅವನು ಯಾಕೆ ಸತ್ತ ಎಂಬ ಭಾಗ. ಆಯಿಲ್ ಪೇಂಟ್ ಅಕ್ಷರದ ಗೀರುಗಳನ್ನು ತುಂಬಿಬಿಡುತ್ತದೆ.

ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ, ತಂತಿ ಬ್ರಷ್ ಹಾಕಬೇಡಿ. ಎತ್ತರ, ಅಗಲ, ಸರ್ವೆ ನಂಬರ್ ಬರೆದುಕೊಳ್ಳಿ. ಶಾಸನವಿದ್ದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದಲ್ಲಿ 1903ರಲ್ಲಿ ಬಂದ, ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟದಲ್ಲಿ ಹುಡುಕಿ. ಈಗ ದಾವಣಗೆರೆ ಜಿಲ್ಲೆಗೆ ಸೇರಿದ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದದ್ದರಿಂದ ಅಲ್ಲಿನ ಶಾಸನಗಳೂ ಆ ಸಂಪುಟದಲ್ಲೇ ಇವೆ. ಸಿಕ್ಕರೆ ತಾಲ್ಲೂಕು, ಕ್ರಮಸಂಖ್ಯೆ ಅರ್ಜಿಯಲ್ಲಿ ಬರೆಯಿರಿ, ಕಲ್ಲಿನ ಗುರುತಿನ ಬಗ್ಗೆ ಆಮೇಲೆ ತಕರಾರು ಬರುವುದಿಲ್ಲ.

ಗ್ರಾಮಸಭೆಯಲ್ಲಿ ಸರ್ವೆ ನಂಬರ್ ಸಮೇತ ಠರಾವು ಮಾಡಿಸಿ. ಅದರ ನಕಲಿನೊಂದಿಗೆ ಅರ್ಜಿ ರಾಜ್ಯ ಇಲಾಖೆಯ ಆಯುಕ್ತರಿಗೆ, ಪ್ರತಿ ಜಿಲ್ಲಾಧಿಕಾರಿಗೆ ಮತ್ತು ತಹಶೀಲ್ದಾರರಿಗೆ. ಸಂರಕ್ಷಣೆಗೆ ಪ್ರಾಥಮಿಕ ಅಧಿಸೂಚನೆ ಹೊರಬಿದ್ದರೆ ಆಕ್ಷೇಪಣೆಗೆ ಎರಡು ತಿಂಗಳಿರುತ್ತದೆ. ಕಲ್ಲಿರುವ ಹೊಲದ ಮಾಲೀಕರ ಜೊತೆ ಅದಕ್ಕೆ ಮುಂಚೆಯೇ ಕೂತು ಮಾತಾಡಿರಬೇಕು, ಜಮೀನು ಹೋಗುತ್ತದೆಂಬ ಹೆದರಿಕೆಗೆ ರಾತ್ರೋರಾತ್ರಿ ಕಲ್ಲು ಕಿತ್ತು ಬದುವಿಗೆ ಹಾಕಿಬಿಡುತ್ತಾರೆ.